ಪಾಸ್‌ಪೋರ್ಟ್ ಮುದ್ದತು ಇನ್ನೂ ಇದೆ, ಆದರೂ ವಿಮಾನ ಹತ್ತಿಸುವುದಿಲ್ಲ! ‘ಆರು ತಿಂಗಳ ನಿಯಮ’ದ ನಿಜವೇನು?

“ಎಚ್ಚರಿಕೆ! ಪಾಸ್‌ಪೋರ್ಟ್ ಮುಗಿಯಲು ಆರು ತಿಂಗಳಿಗಿಂತ ಕಡಿಮೆ ಇದ್ದರೆ ಭಾರತ ಸರ್ಕಾರ ನಿಮ್ಮನ್ನು ದೇಶ ಬಿಟ್ಟು ಹೋಗಲು ಬಿಡುವುದಿಲ್ಲ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ.”

“ಪಾಸ್‌ಪೋರ್ಟಿನ ಮೇಲೆ ಬರೆದ ಕೊನೆಯ ತಾರೀಖಿನವರೆಗೂ ಎಲ್ಲಿ ಬೇಕಾದರೂ ಹೋಗಬಹುದು. ಆರು ತಿಂಗಳು ಎಂಬುದು ಏಜೆಂಟರು ಹಣ ಕೀಳಲು ಹುಟ್ಟಿಸಿದ ಮಾತು.”

ಈ ಎರಡೂ ಧಾಟಿಯ ಸಂದೇಶಗಳು ನಮ್ಮ ಮೊಬೈಲಿಗೆ ಬರುತ್ತಲೇ ಇರುತ್ತವೆ. ಒಂದು ಹೆದರಿಸುತ್ತದೆ, ಇನ್ನೊಂದು ಧೈರ್ಯ ಹೇಳುತ್ತದೆ. ಎರಡೂ ಅರ್ಧ ನಿಜ. ಅರ್ಧ ನಿಜವನ್ನು ನಂಬಿ ಟಿಕೆಟ್ ತೆಗೆಸಿದರೆ ಏನಾಗಬಹುದು ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ತಿಕೋಟಾದ ಒಬ್ಬ ತಾಯಿ ಎಂದುಕೊಳ್ಳಿ. ಮಗಳು ದುಬೈನಲ್ಲಿದ್ದಾಳೆ, ನವೆಂಬರ್‌ನಲ್ಲಿ ಹೆರಿಗೆ. ಬಾಣಂತನಕ್ಕೆ ತಾಯಿಯೇ ಹೋಗಬೇಕು. ವಿಸಿಟ್ ವೀಸಾ ಆಯಿತು, ಟಿಕೆಟ್ ಆಯಿತು. ಅಂಟಿನುಂಡಿ, ಶೇಂಗಾ ಹಿಂಡಿ, ಕಟಕ ರೊಟ್ಟಿ ಕಟ್ಟಿಕೊಂಡು, ವಿಜಯಪುರದಿಂದ ರಾತ್ರಿ ಬಸ್ಸಿಗೆ ಹೈದರಾಬಾದ್‌ಗೆ ಹೋಗಿ, ಅಲ್ಲಿಂದ 2026ರ ನವೆಂಬರ್ 5ರ ವಿಮಾನ. ಪಾಸ್‌ಪೋರ್ಟಿನ ಮುದ್ದತು 2027ರ ಏಪ್ರಿಲ್ 20ರವರೆಗೆ ಇದೆ. ಹೋಗಿ ಬರುವುದು ಎರಡು ತಿಂಗಳಷ್ಟೇ. ಇನ್ನೇನು ತೊಂದರೆ?

ವಿಮಾನ ಕಂಪನಿಯ ಕೌಂಟರಿನಲ್ಲಿ ಪಾಸ್‌ಪೋರ್ಟ್ ನೋಡಿದವರು ತಲೆ ಅಲ್ಲಾಡಿಸುತ್ತಾರೆ. “ಇನ್ನೂ ಐದ ತಿಂಗಳ ಮ್ಯಾಲ ಐತಲ್ರಿ!” ಎಂದರೆ, “ಆರು ತಿಂಗಳು ಬೇಕಮ್ಮಾ” ಎಂಬ ಉತ್ತರ. ಕಡಿಮೆ ಬಿದ್ದದ್ದು ಹದಿನೈದೇ ದಿನ. ಆದರೆ ಬೋರ್ಡಿಂಗ್ ಪಾಸ್ ಸಿಗುವುದಿಲ್ಲ. ಟಿಕೆಟ್ ಹಣ ಹೋಯಿತು ಎನ್ನುವುದಕ್ಕಿಂತ, ಮಗಳ ಹೆರಿಗೆಯ ದಿನವನ್ನು ಮುಂದೂಡಲು ಆಗುವುದಿಲ್ಲವಲ್ಲ ಎಂಬುದೇ ದೊಡ್ಡ ಸಂಕಟ.

ಇಲ್ಲಿ ತಾಯಿಯನ್ನು ತಡೆದದ್ದು ಭಾರತ ಸರ್ಕಾರವಲ್ಲ. ಏಜೆಂಟರ ಸುಳ್ಳೂ ಅಲ್ಲ. ಹಾಗಾದರೆ ಯಾರು?

ಚಿಕ್ಕದಾಗಿ ಹೇಳುವುದಾದರೆ

ಪಾಸ್‌ಪೋರ್ಟಿನ ಮೇಲಿರುವ ಕೊನೆಯ ತಾರೀಖು ಭಾರತ ಕೊಟ್ಟ ಮಾತು. ಆ ಪಾಸ್‌ಪೋರ್ಟಿನ ಮೇಲೆ ನಿಮ್ಮನ್ನು ಒಳಗೆ ಬಿಟ್ಟುಕೊಳ್ಳಬೇಕೋ ಬೇಡವೋ ಎಂಬುದು ನೀವು ಹೋಗುವ ದೇಶದ ತೀರ್ಮಾನ. ಕೆಲವು ದೇಶಗಳು ಆರು ತಿಂಗಳು ಉಳಿದಿರಬೇಕು ಎನ್ನುತ್ತವೆ, ಕೆಲವು ಮೂರು ತಿಂಗಳು ಎನ್ನುತ್ತವೆ, ಇನ್ನು ಕೆಲವಕ್ಕೆ ನೀವು ವಾಪಸ್ ಬರುವ ದಿನದವರೆಗೆ ಇದ್ದರೆ ಸಾಕು. ಹಾಗಾಗಿ ಪಾಸ್‌ಪೋರ್ಟ್ ಮುಗಿಯುವ ದಿನ ಒಂದು, ಅದು ಕೆಲಸಕ್ಕೆ ಬಾರದಾಗುವ ದಿನ ಇನ್ನೊಂದು. ಈ ಎರಡನೆಯ ದಿನ ಯಾವುದೆಂದು ಪಾಸ್‌ಪೋರ್ಟಿನಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಅದನ್ನು ನಾವೇ ಲೆಕ್ಕ ಹಾಕಬೇಕು.

ಕೊಡುವವರು ಒಬ್ಬರು, ಒಪ್ಪುವವರು ಇನ್ನೊಬ್ಬರು

ನಮ್ಮಲ್ಲಿ ಪಾಸ್‌ಪೋರ್ಟ್ ಕೊಡುವುದು 1967ರ ಪಾಸ್‌ಪೋರ್ಟ್ ಕಾಯ್ದೆ ಮತ್ತು 1980ರ ಪಾಸ್‌ಪೋರ್ಟ್ ನಿಯಮಗಳ ಪ್ರಕಾರ. ದೊಡ್ಡವರ ಸಾಮಾನ್ಯ ಪಾಸ್‌ಪೋರ್ಟಿಗೆ 10 ವರ್ಷದ ಅವಧಿ. ಕೊನೆಯ ದಿನದವರೆಗೂ ಭಾರತದ ಮಟ್ಟಿಗೆ ಅದು ಸಿಂಧು. ಇದರಲ್ಲಿ ಅನುಮಾನವಿಲ್ಲ.

ಆದರೆ ಪಾಸ್‌ಪೋರ್ಟ್ ಎನ್ನುವುದು ಬೇರೆಯವರಿಗೆ ತೋರಿಸಲು ಇರುವ ಪುಸ್ತಕ. ನಮ್ಮ ಊರಿನ ಸೊಸೈಟಿ ಕೊಟ್ಟ ಪತ್ರವನ್ನು ಪಕ್ಕದ ಜಿಲ್ಲೆಯ ಬ್ಯಾಂಕು ಒಪ್ಪಬೇಕೆಂದೇನೂ ಇಲ್ಲ, ಅಲ್ಲವೇ? ಇದೂ ಹಾಗೆಯೇ.

ಇದಕ್ಕೆ ಒಳ್ಳೆಯ ಸಾಕ್ಷಿ ಕೈಬರಹದ ಪಾಸ್‌ಪೋರ್ಟುಗಳ ಕತೆ. 2001ಕ್ಕೆ ಮುಂಚೆ ನಮ್ಮ ದೇಶದಲ್ಲಿ ಹೆಸರು, ವಿಳಾಸವನ್ನು ಕೈಯಲ್ಲಿ ಬರೆದು, ಫೋಟೊ ಅಂಟಿಸಿದ ಪಾಸ್‌ಪೋರ್ಟ್ ಕೊಡುತ್ತಿದ್ದರು. ಅವುಗಳಲ್ಲಿ ಕೆಲವಕ್ಕೆ 20 ವರ್ಷದ ಅವಧಿ ಇತ್ತು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಒಂದು ಗಡುವು ಹಾಕಿತು: 2015ರ ನವೆಂಬರ್ 24ರ ನಂತರ ಯಂತ್ರ ಓದಲಾಗದ ಪಾಸ್‌ಪೋರ್ಟ್ ಚಲಾವಣೆಯಲ್ಲಿ ಇರಬಾರದು. 2014ರ ನವೆಂಬರ್ ಕೊನೆಯ ಹೊತ್ತಿಗೆ ಭಾರತದಲ್ಲಿ ಅಂಥ ಸುಮಾರು 2.86 ಲಕ್ಷ ಪಾಸ್‌ಪೋರ್ಟ್‌ಗಳು ಇದ್ದವು. ಅವುಗಳ ಮೇಲೆ ಮುಂದಿನ ವರ್ಷಗಳ ತಾರೀಖು ಸ್ಪಷ್ಟವಾಗಿ ಬರೆದಿತ್ತು. ಆದರೂ ಬೇರೆ ದೇಶಗಳು ವೀಸಾ ನಿರಾಕರಿಸಬಹುದು, ಬೇಗ ಬದಲಿಸಿಕೊಳ್ಳಿ ಎಂದು ಸರ್ಕಾರವೇ ಜನರಿಗೆ ಹೇಳಬೇಕಾಯಿತು. ತಾರೀಖು ಉಳಿದಿತ್ತು, ಪುಸ್ತಕ ನಡೆಯದಂತಾಗಿತ್ತು.

ಆರು ತಿಂಗಳೇ ಏಕೆ?

“ನಾನು ಹದಿನೈದು ದಿನಕ್ಕೆ ಹೋಗುವವನು, ಆರು ತಿಂಗಳು ಏಕೆ ಬೇಕು?” ಎಂದು ಯಾರಿಗಾದರೂ ಅನಿಸುತ್ತದೆ.

ಒಂದು ದೇಶದ ಕಣ್ಣಿನಿಂದ ನೋಡಿ. ಬಂದವರು ಅಂದುಕೊಂಡ ದಿನವೇ ಹೋಗುತ್ತಾರೆ ಎಂಬ ಖಾತ್ರಿ ಇಲ್ಲ. ಆಸ್ಪತ್ರೆ ಸೇರಬಹುದು, ಅಪಘಾತವಾಗಬಹುದು, ವಿಮಾನಗಳು ನಿಲ್ಲಬಹುದು. ಅಷ್ಟರಲ್ಲಿ ಪಾಸ್‌ಪೋರ್ಟ್ ಮುಗಿದರೆ ಆ ವ್ಯಕ್ತಿಯ ಕೈಯಲ್ಲಿ ಊರಿಗೆ ಮರಳಲು ಸಿಂಧುವಾದ ಕಾಗದವೇ ಇರುವುದಿಲ್ಲ. ವೀಸಾ ಮುಂದುವರಿಸಲೂ ಆಗದು, ವಾಪಸ್ ಕಳಿಸಲೂ ಕಷ್ಟ. ಆ ತೊಡಕು ಬೇಡವೆಂದು ಬರುವಾಗಲೇ ಸ್ವಲ್ಪ ಹೆಚ್ಚು ಅವಧಿ ಇರುವ ಪಾಸ್‌ಪೋರ್ಟ್ ಕೇಳುತ್ತಾರೆ.

ಇದು ಸುಮ್ಮನೆ ಕಲ್ಪನೆಯ ಮಾತಲ್ಲ ಎಂಬುದನ್ನು 2020 ತೋರಿಸಿಕೊಟ್ಟಿತು. ಆ ವರ್ಷದ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ಭಾರತಕ್ಕೆ ಬರುವ ಅಂತರರಾಷ್ಟ್ರೀಯ ವಿಮಾನಗಳು ನಿಂತುಹೋದವು. ಮಕ್ಕಳನ್ನು ನೋಡಲು ಹೋದವರು, ಪ್ರವಾಸಕ್ಕೆ ಹೋದವರು ಹೋದಲ್ಲೇ ಉಳಿದರು. ಮೇ 7ರಂದು ‘ವಂದೇ ಭಾರತ್’ ವಿಮಾನಗಳು ಶುರುವಾದ ಮೇಲೂ ಸರದಿಗಾಗಿ ತಿಂಗಳುಗಟ್ಟಲೆ ಕಾದವರಿದ್ದರು. ಅಂಥ ಹೊತ್ತಿನಲ್ಲಿ ಪಾಸ್‌ಪೋರ್ಟಿನಲ್ಲಿ ಉಳಿದ ಪ್ರತಿ ತಿಂಗಳೂ ಲೆಕ್ಕಕ್ಕೆ ಬರುತ್ತದೆ.

ವಿಮಾನ ಕಂಪನಿಯವರು ತಡೆಯುವುದೇಕೆ?

ನಿಯಮ ಆ ದೇಶದ್ದು. ಹಾಗಿದ್ದರೆ ಆ ದೇಶದವರು ಅಲ್ಲಿ ತಡೆಯಲಿ, ಇಲ್ಲಿ ಕೌಂಟರಿನಲ್ಲಿ ಕೂತವರಿಗೇನು? ಈ ಪ್ರಶ್ನೆಯೂ ಸಹಜ.

ಸರಿಯಾದ ಕಾಗದವಿಲ್ಲದ ಪ್ರಯಾಣಿಕರನ್ನು ಕರೆದುಕೊಂಡು ಹೋದರೆ, ಅವರನ್ನು ತಿರುಗಿ ಕರೆತರುವ ಹೊಣೆ ಆ ವಿಮಾನ ಕಂಪನಿಯ ಮೇಲೇ ಬೀಳುತ್ತದೆ. ಅನೇಕ ದೇಶಗಳು ಮೇಲಿಂದ ದಂಡವನ್ನೂ ಹಾಕುತ್ತವೆ. ಆದ್ದರಿಂದ ಕಂಪನಿಗಳು ಹತ್ತಿಸುವ ಮುನ್ನವೇ ಪರೀಕ್ಷಿಸುತ್ತವೆ. ಯಾವ ದೇಶದ ಪಾಸ್‌ಪೋರ್ಟಿಗೆ ಯಾವ ದೇಶದಲ್ಲಿ ಏನು ನಿಯಮ ಎಂಬುದನ್ನು ಒಟ್ಟುಹಾಕಿದ ‘ಟಿಮ್ಯಾಟಿಕ್’ ಎಂಬ ಮಾಹಿತಿ ಕೋಶವಿದೆ. ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘ, ಅಂದರೆ ಐಎಟಿಎ, ಇದನ್ನು ನಡೆಸುತ್ತದೆ. ಕೌಂಟರಿನ ಸಿಬ್ಬಂದಿ ನೋಡುವುದು ಸಾಮಾನ್ಯವಾಗಿ ಇದನ್ನೇ. ಅಲ್ಲಿ ‘ಆರು ತಿಂಗಳು’ ಎಂದಿದ್ದರೆ ಅವರ ಕೈಯಲ್ಲಿ ಏನೂ ಇಲ್ಲ. ಅಂಗಲಾಚಿದರೂ ಪ್ರಯೋಜನವಿಲ್ಲ, ಜಗಳವಾಡಿದರೂ ಇಲ್ಲ.

‘ವೀಸಾ ಸಿಕ್ಕಿದೆ, ಅಂದ ಮೇಲೆ ಎಲ್ಲ ಸರಿ ಇದೆ’ ಎಂದುಕೊಳ್ಳುವುದೂ ತಪ್ಪು. ವೀಸಾ ಕೊಟ್ಟ ದಿನ ಆರು ತಿಂಗಳು ಇದ್ದಿರಬಹುದು, ಹೊರಡುವ ದಿನ ಇಲ್ಲದಿರಬಹುದು.

ಯಾವ ದೇಶಕ್ಕೆ ಎಷ್ಟು ಅವಧಿ ಬೇಕು?

ನಮ್ಮ ಭಾಗದವರು ಹೆಚ್ಚಾಗಿ ಹೋಗುವ ಕೆಲವು ದೇಶಗಳನ್ನು ನೋಡೋಣ. ತಿಕೋಟಾದ ಆ ತಾಯಿಯ ಪಾಸ್‌ಪೋರ್ಟನ್ನೇ, ಅಂದರೆ 2027ರ ಏಪ್ರಿಲ್ 20ಕ್ಕೆ ಮುಗಿಯುವುದನ್ನೇ, ಲೆಕ್ಕಕ್ಕೆ ಹಿಡಿಯೋಣ.

ಆರು ತಿಂಗಳು ಕೇಳುವವರು: ಭೇಟಿಗೆ ಹೋಗುವವರಿಗೆ ಯುಎಇ (ದುಬೈ, ಅಬುಧಾಬಿ, ಶಾರ್ಜಾ), ಸಿಂಗಪುರ, ಮಲೇಷ್ಯಾ, ಇಂಡೊನೇಷ್ಯಾ, ಶ್ರೀಲಂಕಾ. ಇಲ್ಲಿ ಎಣಿಕೆ ಶುರುವಾಗುವುದು ನೀವು ಆ ದೇಶಕ್ಕೆ ಕಾಲಿಡುವ ದಿನದಿಂದ. ನವೆಂಬರ್ 5ಕ್ಕೆ ಇಳಿದರೆ ಆರು ತಿಂಗಳು ಎಂದರೆ ಮೇ 5. ಏಪ್ರಿಲ್ 20 ಅದಕ್ಕಿಂತ ಮುಂಚೆಯೇ ಬರುತ್ತದೆ, ಆದ್ದರಿಂದ ಆಗದು. ಅಕ್ಟೋಬರ್ 20ರೊಳಗೆ ಇಳಿದಿದ್ದರೆ ನಡೆಯುತ್ತಿತ್ತು. ಹಾಗೆಂದು ಅಂಚಿನ ದಿನಕ್ಕೇ ಟಿಕೆಟ್ ತೆಗೆಸಬೇಡಿ. ವಿಮಾನ ತಡವಾಗಿ ಮಧ್ಯರಾತ್ರಿ ದಾಟಿದರೂ ತಾರೀಖು ಬದಲಾಗುತ್ತದೆ.

ಮೂರು ತಿಂಗಳು ಕೇಳುವವರು: ಫ್ರಾನ್ಸ್, ಜರ್ಮನಿ, ಇಟಲಿ, ಸ್ವಿಟ್ಜರ್ಲೆಂಡ್ ಮುಂತಾದ ಷೆಂಗೆನ್ ದೇಶಗಳು. ಇಲ್ಲಿ ಎಣಿಕೆ ಬೇರೆ. ಅಲ್ಲಿಂದ ಹೊರಡುವ ದಿನದಿಂದ ಮುಂದಕ್ಕೆ ಮೂರು ತಿಂಗಳು ಇರಬೇಕು. 2027ರ ಜನವರಿ 10ಕ್ಕೆ ಪ್ಯಾರಿಸ್‌ನಿಂದ ಹೊರಟರೆ ಏಪ್ರಿಲ್ 10ರವರೆಗೆ ಸಾಕು, ಅದೇ ಪಾಸ್‌ಪೋರ್ಟ್ ನಡೆಯುತ್ತದೆ. ಫೆಬ್ರವರಿ 10ಕ್ಕೆ ಹೊರಡುವುದಾದರೆ ಮೇ 10ರವರೆಗೆ ಬೇಕು, ನಡೆಯುವುದಿಲ್ಲ.

ಇರುವಷ್ಟು ದಿನಕ್ಕೆ ಸಾಕು ಎನ್ನುವವರು: ಬ್ರಿಟನ್ ಮತ್ತು ಜಪಾನ್ ಈ ಗುಂಪಿನವು. ಅಮೆರಿಕದ ವಿಷಯದಲ್ಲಿ ಒಂದು ಗೊಂದಲವಿದೆ. ಅದರ ಸಾಮಾನ್ಯ ನಿಯಮ ಆರು ತಿಂಗಳು. ಆದರೆ ಕೆಲವು ದೇಶಗಳ ಪಾಸ್‌ಪೋರ್ಟಿಗೆ ಅದು ವಿನಾಯಿತಿ ಕೊಟ್ಟಿದೆ, ಆ ಪಟ್ಟಿಯಲ್ಲಿ ಭಾರತವೂ ಇದೆ. ಆದ್ದರಿಂದ ಭಾರತೀಯರಿಗೆ ಅಲ್ಲಿ ಇರುವ ಅವಧಿಗೆ ಪಾಸ್‌ಪೋರ್ಟ್ ಇದ್ದರೆ ಸಾಕು.

ಪಾಸ್‌ಪೋರ್ಟೇ ಬೇಡ ಎನ್ನುವವರು: ನೇಪಾಳ ಮತ್ತು ಭೂತಾನ್. ಭಾರತೀಯರು ಮತದಾರರ ಗುರುತಿನ ಚೀಟಿಯ ಮೇಲೂ ಹೋಗಬಹುದು.

ಇನ್ನೊಂದು ಮಾತು. ದುಬೈ ಅಥವಾ ದೋಹಾ ಮೂಲಕ ಬೇರೆ ಕಡೆ ಹೋಗುವವರು ಮಧ್ಯದ ದೇಶವನ್ನು ಮರೆಯಬಾರದು. ನಿಲ್ದಾಣದ ಒಳಗೇ ವಿಮಾನ ಬದಲಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೊರಗೆ ಬಂದು ಹೋಟೆಲಿನಲ್ಲಿ ಒಂದು ರಾತ್ರಿ ತಂಗುವುದಾದರೆ ಆ ದೇಶದ ನಿಯಮವೂ ನಿಮಗೆ ಅನ್ವಯಿಸುತ್ತದೆ.

ಹಜ್‌ಗೆ ಹೋಗುವವರು ನೋಡಬೇಕಾದ ತಾರೀಖು ಬೇರೆ

ವಿಜಯಪುರ ಜಿಲ್ಲೆಯಲ್ಲಿ ಎಷ್ಟೋ ಮನೆಗಳಲ್ಲಿ ಮೊದಲ ಪಾಸ್‌ಪೋರ್ಟ್ ಮಾಡಿಸುವುದೇ ಹಜ್ ಅಥವಾ ಉಮ್ರಾಕ್ಕಾಗಿ. ವರ್ಷಗಟ್ಟಲೆ ಕೂಡಿಟ್ಟ ಹಣ, ವಯಸ್ಸಾದ ತಂದೆ-ತಾಯಿ. ಇಲ್ಲಿ ತಪ್ಪಾದರೆ ಅದರ ನೋವೇ ಬೇರೆ.

ಹಜ್‌ಗೆ ‘ಆರು ತಿಂಗಳು’ ಎಂದು ಬೆರಳೆಣಿಸುವ ಅಗತ್ಯವಿಲ್ಲ. ಭಾರತೀಯ ಹಜ್ ಸಮಿತಿ ಪ್ರತಿ ವರ್ಷ ಅರ್ಜಿ ಕರೆಯುವಾಗ, ಪಾಸ್‌ಪೋರ್ಟ್ ಯಾವ ದಿನದವರೆಗೆ ಸಿಂಧುವಾಗಿರಬೇಕು ಎಂದು ತಾರೀಖನ್ನೇ ಹೇಳಿಬಿಡುತ್ತದೆ. 2026ರ ಹಜ್‌ಗೆ ಅದು 2026ರ ಡಿಸೆಂಬರ್ 31 ಆಗಿತ್ತು. ಆ ಅರ್ಜಿಗಳನ್ನು ಕರೆದದ್ದು 2025ರ ಜುಲೈನಲ್ಲಿ, ಅಂದರೆ ಯಾತ್ರೆಗೆ ಹತ್ತು ತಿಂಗಳು ಇರುವಾಗಲೇ. ಅರ್ಜಿ ಹಾಕುವ ಕೊನೆಯ ದಿನದೊಳಗೆ ಪಾಸ್‌ಪೋರ್ಟ್ ಕೈಯಲ್ಲಿರಬೇಕು. ‘ಹೆಸರು ಬಂದ ಮೇಲೆ ಪಾಸ್‌ಪೋರ್ಟ್ ಮಾಡಿಸೋಣ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಉಮ್ರಾಕ್ಕೆ ಟೂರ್‌ನವರ ಮೂಲಕ ಹೋಗುವವರು ಮುಂಗಡ ಹಣ ಕೊಡುವ ಮೊದಲೇ ಮನೆಯ ಎಲ್ಲರ ಪಾಸ್‌ಪೋರ್ಟ್ ತಾರೀಖು ತೋರಿಸಿ, ಆರು ತಿಂಗಳು ಉಳಿದಿದೆಯೇ ಎಂದು ಕೇಳಿ ಖಚಿತ ಮಾಡಿಕೊಳ್ಳಬೇಕು.

ದೊಡ್ಡವರದು ಸರಿ ಇದೆ, ಮಕ್ಕಳದು?

ಮನೆಮಂದಿಯೆಲ್ಲ ಹೊರಟಾಗ ಹೆಚ್ಚು ಮರೆಯುವುದು ಇದನ್ನೇ. ಗಂಡ-ಹೆಂಡತಿ-ಮಗು ಮೂವರೂ ಒಂದೇ ದಿನ ಪಾಸ್‌ಪೋರ್ಟ್ ಮಾಡಿಸಿರುತ್ತಾರೆ. ಹಾಗಾಗಿ ಮೂರೂ ಒಟ್ಟಿಗೇ ಮುಗಿಯುತ್ತವೆ ಎಂದುಕೊಳ್ಳುತ್ತಾರೆ. ಹಾಗಲ್ಲ. 18 ವರ್ಷದೊಳಗಿನವರ ಪಾಸ್‌ಪೋರ್ಟಿಗೆ ಐದು ವರ್ಷ, ಅಥವಾ 18 ತುಂಬುವವರೆಗೆ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟೇ ಅವಧಿ. 15ರಿಂದ 18ರ ನಡುವಿನವರು ಬೇಕಿದ್ದರೆ ಪೂರ್ಣ ಶುಲ್ಕ ಕೊಟ್ಟು 10 ವರ್ಷದ್ದನ್ನೇ ಪಡೆಯಬಹುದು.

ಅಪ್ಪ-ಅಮ್ಮನದು ಇನ್ನೂ ಅರ್ಧ ಅವಧಿ ಉಳಿದಿರುವಾಗಲೇ ಮಗುವಿನದು ಮುಗಿದಿರುತ್ತದೆ. ಅಮೆರಿಕದಲ್ಲೋ ಕೊಲ್ಲಿಯಲ್ಲೋ ಇರುವ ಮಕ್ಕಳು ರಜೆಗೆ ಬಬಲೇಶ್ವರಕ್ಕೆ ಬಂದು ಅಜ್ಜನ ಮನೆಯಲ್ಲಿದ್ದಾಗ ಒಮ್ಮೆ ಪುಟ ತೆರೆದು ನೋಡಿಬಿಡಿ.

ಹೊಸದಾಗಿ ಹುಟ್ಟಿದ ಮಗುವಿಗೆ ಪಾಸ್‌ಪೋರ್ಟ್ ಮಾಡಿಸುವವರಿಗೆ ಇನ್ನೊಂದು ವಿಷಯ. 2025ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, 2023ರ ಅಕ್ಟೋಬರ್ 1 ಅಥವಾ ಅದರ ನಂತರ ಹುಟ್ಟಿದವರಿಗೆ ಹುಟ್ಟಿದ ದಿನದ ದಾಖಲೆಯಾಗಿ ಜನನ ಪ್ರಮಾಣಪತ್ರ ಮಾತ್ರ ನಡೆಯುತ್ತದೆ. ‘ಎಲ್ಲರೂ ಜನನ ಪ್ರಮಾಣಪತ್ರ ಕೊಡಲೇಬೇಕು’ ಎಂಬ ಸಂದೇಶ ಬಂದರೆ ನಂಬಬೇಡಿ. ಅದಕ್ಕೂ ಮೊದಲು ಹುಟ್ಟಿದವರು ಶಾಲಾ ಪ್ರಮಾಣಪತ್ರ, ಪ್ಯಾನ್ ಕಾರ್ಡ್ ಮುಂತಾದವನ್ನೂ ಕೊಡಬಹುದು.

ಬಿಜಾಪುರ ಎಂದಿದ್ದರೆ ಪಾಸ್‌ಪೋರ್ಟ್ ನಡೆಯುತ್ತದೆಯೇ?

ಈ ಪ್ರಶ್ನೆ ನಮ್ಮ ಜಿಲ್ಲೆಯವರದ್ದೇ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದಾಗ ಬಿಜಾಪುರ ವಿಜಯಪುರವಾಯಿತು. ಆಮೇಲೆ ಹಳೆಯ ವಿಜಯಪುರ ತಾಲ್ಲೂಕಿನಿಂದ ಬೇರ್ಪಟ್ಟು ತಿಕೋಟಾ, ಬಬಲೇಶ್ವರ ಹೊಸ ತಾಲ್ಲೂಕುಗಳಾದವು. ಹಾಗಾಗಿ ಒಂದೇ ಮನೆಯ ನಾಲ್ವರ ಪಾಸ್‌ಪೋರ್ಟ್‌ನಲ್ಲಿ ನಾಲ್ಕು ರೀತಿ ಇರಬಹುದು. ಒಬ್ಬರದರಲ್ಲಿ ಹುಟ್ಟಿದ ಸ್ಥಳ ಬಿಜಾಪುರ, ಇನ್ನೊಬ್ಬರದರಲ್ಲಿ ವಿಜಯಪುರ.

ಸರ್ಕಾರ ಊರಿನ ಹೆಸರು ಬದಲಿಸಿದ್ದರಿಂದ ಯಾರ ಪಾಸ್‌ಪೋರ್ಟೂ ಅಸಿಂಧುವಾಗುವುದಿಲ್ಲ. ಮುದ್ದತು ಇರುವವರೆಗೆ ಅದು ನಡೆಯುತ್ತದೆ. ಆದರೆ ಒಂದು ಸರಳ ಲೆಕ್ಕ ನೋಡಿ. ಹೆಸರು ಬದಲಾಗುವ ಮೊದಲು, ಅಂದರೆ 2014ರ ಅಕ್ಟೋಬರ್‌ವರೆಗೆ ಪಡೆದ 10 ವರ್ಷದ ಪಾಸ್‌ಪೋರ್ಟ್‌ಗಳೆಲ್ಲ 2024ರ ಅಕ್ಟೋಬರ್ ಹೊತ್ತಿಗೆ ಮುಗಿದೇ ಹೋಗಿವೆ. ಟ್ರಂಕಿನಲ್ಲಿ ಅಂಥದ್ದೊಂದು ಇದ್ದರೆ ಅದರ ತೊಂದರೆ ‘ಬಿಜಾಪುರ’ ಎಂಬ ಹೆಸರಲ್ಲ, ಮುಗಿದ ತಾರೀಖು.

ಹೊಸದಕ್ಕೆ ಅರ್ಜಿ ಹಾಕುವಾಗ ಮಾತ್ರ ಎಚ್ಚರ ಬೇಕು. ವಿಳಾಸವನ್ನು ಈಗಿನ ದಾಖಲೆಯಲ್ಲಿ ಇರುವಂತೆಯೇ ತುಂಬಿ. ಪೊಲೀಸ್ ಠಾಣೆ ಕೇಳುವಲ್ಲಿ ನಿಮ್ಮ ಮನೆ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೋ ಅದನ್ನೇ ಆರಿಸಿ. ತಪ್ಪು ಠಾಣೆಗೆ ಹೋದ ಕಾಗದ ತಿರುಗಿ ಬರುವಷ್ಟರಲ್ಲಿ ದಿನಗಳು ಕಳೆಯುತ್ತವೆ.

ತಾರೀಖಿನ ಜೊತೆಗೆ ಹೆಸರನ್ನೂ ನೋಡಿ. ನಮ್ಮಲ್ಲಿ ಅಡ್ಡಹೆಸರಿಲ್ಲದೆ ಒಂದೇ ಪದದ ಹೆಸರಲ್ಲಿ ಪಾಸ್‌ಪೋರ್ಟ್ ಮಾಡಿಸಿದವರು ಇದ್ದಾರೆ. 2022ರ ನವೆಂಬರ್‌ನಿಂದ ಯುಎಇ ಇಂಥ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಭೇಟಿ ವೀಸಾದ ಮೇಲೆ ಪ್ರವೇಶ ಕೊಡುವುದಿಲ್ಲ ಎಂದಿತು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರು ಇದ್ದರೆ ಒಪ್ಪುವುದಾಗಿ ಆಮೇಲೆ ಸ್ಪಷ್ಟಪಡಿಸಿತು. ಹೇಗೂ ಹೊಸ ಪಾಸ್‌ಪೋರ್ಟ್ ಮಾಡಿಸುವಾಗ ಇದನ್ನೂ ಸರಿಪಡಿಸಿಕೊಳ್ಳುವುದು ಜಾಣತನ.

ಯಾವಾಗ, ಎಲ್ಲಿ, ಹೇಗೆ ಮಾಡಿಸುವುದು?

‘ಮುಗಿದ ಮೇಲೆಯೇ ರಿನ್ಯೂವಲ್’ ಎಂಬುದು ತಪ್ಪು ತಿಳಿವಳಿಕೆ. ಮುಗಿಯಲು ಒಂದು ವರ್ಷ ಇರುವಾಗಲೇ ಅರ್ಜಿ ಹಾಕಬಹುದು. ನಿಜವಾಗಿ ಹಳೆಯದನ್ನು ಮುಂದುವರಿಸಿ ಕೊಡುವ ಪದ್ಧತಿಯೇ ಇಲ್ಲ. ಹೊಸ ನಂಬರಿನ ಹೊಸ ಪುಸ್ತಕವನ್ನೇ ಕೊಡುತ್ತಾರೆ, ಇದಕ್ಕೆ ‘ರೀ-ಇಶ್ಯೂ’ ಎನ್ನುತ್ತಾರೆ. ಹಳೆಯದರಲ್ಲಿ ಉಳಿದ ತಿಂಗಳುಗಳು ಹೊಸದಕ್ಕೆ ಸೇರುವುದಿಲ್ಲ ಎಂದು ಕೆಲವರು ಕೊನೆಯವರೆಗೂ ಕಾಯುತ್ತಾರೆ. ಆ ಕೊನೆಯ ಆರು ತಿಂಗಳು ಹೇಗೂ ಅರ್ಧ ಪ್ರಪಂಚಕ್ಕೆ ನಡೆಯುವುದಿಲ್ಲವಾದ್ದರಿಂದ, ಉಳಿಸಿಕೊಂಡು ಮಾಡುವುದೇನು?

ಮೊದಲೆಲ್ಲ ಇದಕ್ಕಾಗಿ ನಮ್ಮವರು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಿತ್ತು. 2017ರ ಜನವರಿಯಲ್ಲಿ ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ ಮೊದಲು ಶುರುವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಆಮೇಲೆ ಬೇರೆ ಜಿಲ್ಲೆಗಳಿಗೂ ಬಂದವು. ವಿಜಯಪುರದಲ್ಲೂ ಅಂಥ ಕೇಂದ್ರವಿದೆ. ತಿಕೋಟಾ, ಬಬಲೇಶ್ವರದವರಿಗೆ ಅರ್ಧ ದಿನದ ಕೆಲಸ. ಅಲ್ಲಿ ಬೇಗ ದಿನ ಸಿಗದಿದ್ದರೆ ಬೇರೆ ಊರಿನ ಕೇಂದ್ರವನ್ನೂ ಆರಿಸಿಕೊಳ್ಳಬಹುದು.

ಕ್ರಮ ಇಷ್ಟೇ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅಥವಾ ‘ಎಂ-ಪಾಸ್‌ಪೋರ್ಟ್ ಸೇವಾ’ ಆ್ಯಪ್‌ನಲ್ಲಿ ಅರ್ಜಿ ತುಂಬಿ, ಅಲ್ಲೇ ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಳ್ಳಬೇಕು. ದೊಡ್ಡವರ 36 ಪುಟದ ಪಾಸ್‌ಪೋರ್ಟಿಗೆ ಈಗಿನ ಶುಲ್ಕ ₹1,500, 60 ಪುಟದ್ದಕ್ಕೆ ₹2,000. ಮಕ್ಕಳ ಐದು ವರ್ಷದ್ದಕ್ಕೆ ₹1,000. ತತ್ಕಾಲ್ ಬೇಕಿದ್ದರೆ ಮೇಲೆ ₹2,000. ಗೊತ್ತಾದ ದಿನ ಮೂಲ ದಾಖಲೆಗಳು ಮತ್ತು ಹಳೆಯ ಪಾಸ್‌ಪೋರ್ಟ್ ತೆಗೆದುಕೊಂಡು ಹೋಗಬೇಕು. ಹೊಸ ಪುಸ್ತಕ ಕೇಂದ್ರದಲ್ಲಿ ಕೈಗೆ ಸಿಗುವುದಿಲ್ಲ, ಸ್ಪೀಡ್ ಪೋಸ್ಟ್‌ನಲ್ಲಿ ಮನೆಗೆ ಬರುತ್ತದೆ. ಹಾಗಾಗಿ ತೋಟದ ಮನೆಯವರು ಅಂಚೆಯಣ್ಣನಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.

ಜಾಲತಾಣದ ವಿಳಾಸ ‘ಪಾಸ್‌ಪೋರ್ಟ್‌ಇಂಡಿಯಾ ಡಾಟ್ ಗವ್ ಡಾಟ್ ಇನ್’. ಇದೇ ಹೆಸರನ್ನು ಹೋಲುವ ನಕಲಿ ತಾಣಗಳು ಹೆಚ್ಚು ಹಣ ಕೀಳುತ್ತಿವೆ ಎಂದು ವಿದೇಶಾಂಗ ಸಚಿವಾಲಯ ಎಚ್ಚರಿಸಿದೆ. ಕೊನೆಯಲ್ಲಿ ‘ಗವ್ ಡಾಟ್ ಇನ್’ ಇಲ್ಲದಿದ್ದರೆ ಅಲ್ಲಿ ಆಧಾರ್ ನಂಬರನ್ನೂ ತುಂಬಬೇಡಿ, ಹಣವನ್ನೂ ಕಟ್ಟಬೇಡಿ.

ಇನ್ನಷ್ಟು ಓಡಾಡುವ ಮಾತುಗಳು

ಮಾತು: ಇ-ಪಾಸ್‌ಪೋರ್ಟ್ ಬಂದಿದೆ, ಹಳೆಯ ಪಾಸ್‌ಪೋರ್ಟ್‌ಗಳೆಲ್ಲ ರದ್ದು.
ನಿಜ: ಸುಳ್ಳು. ಚಿಪ್ ಇರುವ ಹೊಸ ಪಾಸ್‌ಪೋರ್ಟ್ ಕೊಡಲಾಗುತ್ತಿದೆ, ಹೌದು. ಆದರೆ ನಿಮ್ಮ ಕೈಯಲ್ಲಿರುವುದು ಅದರ ಮುದ್ದತು ಮುಗಿಯುವವರೆಗೂ ಸಿಂಧು.

ಮಾತು: ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಹಳೆಯದರಲ್ಲಿದ್ದ ವೀಸಾ ಹೋಯಿತು.
ನಿಜ: ದೇಶವನ್ನು ನೋಡಿ ಹೇಳಬೇಕು. ಅಮೆರಿಕದ ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದ್ದು ಅದರ ಅವಧಿ ಬಾಕಿಯಿದ್ದರೆ, ಹಳೆಯದು ಮತ್ತು ಹೊಸದು ಎರಡನ್ನೂ ಒಯ್ದರೆ ನಡೆಯುತ್ತದೆ. ಯುಎಇಯಂಥ ಕಡೆ ವೀಸಾ ಪಾಸ್‌ಪೋರ್ಟ್ ನಂಬರಿಗೆ ಅಂಟಿಕೊಂಡಿರುತ್ತದೆ. ಅದಕ್ಕೇ ಮೊದಲು ಪಾಸ್‌ಪೋರ್ಟ್, ಆಮೇಲೆ ವೀಸಾ. ರದ್ದು ಮಾಡಿ ಹಿಂದಿರುಗಿಸಿದ ಹಳೆಯ ಪುಸ್ತಕವನ್ನು ಎಸೆಯಬೇಡಿ.

ಮಾತು: ವಿದೇಶದಲ್ಲಿದ್ದಾಗ ಪಾಸ್‌ಪೋರ್ಟ್ ಮುಗಿದರೆ ಜೈಲು.
ನಿಜ: ಹೆದರಬೇಕಿಲ್ಲ, ಆದರೆ ಸುಮ್ಮನೆ ಕೂರಬಾರದು. ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಹೊಸ ಪಾಸ್‌ಪೋರ್ಟ್ ಕೊಡುತ್ತದೆ. ತುರ್ತಾಗಿ ಊರಿಗೆ ಬರಬೇಕಾದವರಿಗೆ ತುರ್ತು ಪ್ರಮಾಣಪತ್ರವನ್ನೂ ಕೊಡುತ್ತದೆ. ಅದು ಭಾರತಕ್ಕೆ ಮರಳುವ ಒಂದು ದಾರಿಗೆ ಮಾತ್ರ, ಅದರ ಮೇಲೆ ತಿರುಗಿ ಹೋಗಲು ಬರುವುದಿಲ್ಲ.

ಮತ್ತೆ ಆ ತಾಯಿಯ ಕಡೆಗೆ

ತಿಕೋಟಾದ ಆ ತಾಯಿ ಏನು ಮಾಡಬಹುದಿತ್ತು? ಮಗಳು ಬಸುರಿ ಎಂಬ ಸಿಹಿ ಸುದ್ದಿ ಬಂದದ್ದು ಮಾರ್ಚ್‌ನಲ್ಲಿ ಎಂದುಕೊಳ್ಳಿ. ಅಂದೇ ಟ್ರಂಕಿನಿಂದ ಪಾಸ್‌ಪೋರ್ಟ್ ತೆಗೆದು ನೋಡಿದ್ದರೆ, ಏಪ್ರಿಲ್ 20 ದಾಟಿದೊಡನೆ ‘ಒಂದು ವರ್ಷದ ಒಳಗೆ’ ಎಂಬ ಅವಕಾಶ ತೆರೆದುಕೊಳ್ಳುತ್ತಿತ್ತು. ವಿಜಯಪುರದಲ್ಲೇ ₹1,500ರಲ್ಲಿ ಕೆಲಸ ಮುಗಿಯುತ್ತಿತ್ತು. ವೀಸಾಕ್ಕೆ ಮೊದಲೇ ಹೊಸ ನಂಬರ್ ಕೈಯಲ್ಲಿರುತ್ತಿತ್ತು. ನವೆಂಬರ್ 5ರ ಹೊತ್ತಿಗೆ ಹದಿನೈದು ದಿನದ ಕೊರತೆಯ ಬದಲು ಒಂಬತ್ತು ವರ್ಷಕ್ಕೂ ಮಿಗಿಲಾದ ಅವಧಿ ಇರುತ್ತಿತ್ತು.

ಆದ್ದರಿಂದ ಟಿಕೆಟ್ ತೆಗೆಸುವ ಮುನ್ನ ಈ ನಾಲ್ಕನ್ನು ನೋಡಿ:

1. ಮನೆಯ ಪ್ರತಿಯೊಬ್ಬರ ಪಾಸ್‌ಪೋರ್ಟ್ ಮುಗಿಯುವ ತಾರೀಖು, ಮಕ್ಕಳದ್ದನ್ನು ಮೊದಲು.
2. ಹೋಗುವ ದೇಶದ ನಿಯಮ. ಆ ದೇಶದ ರಾಯಭಾರ ಕಚೇರಿಯ ಅಥವಾ ನಿಮ್ಮ ವಿಮಾನ ಕಂಪನಿಯ ಜಾಲತಾಣದಲ್ಲಿ ನೋಡಿ, ಏಕೆಂದರೆ ನಿಯಮಗಳು ಬದಲಾಗುತ್ತಿರುತ್ತವೆ.
3. ಖಾಲಿ ಪುಟಗಳು. ಮುದ್ದತು ಇದ್ದರೂ ವೀಸಾ ಹಾಕಲು, ಮುದ್ರೆ ಒತ್ತಲು ಜಾಗವಿಲ್ಲದಿದ್ದರೆ ತೊಂದರೆ. ಎರಡು ಪುಟವಾದರೂ ಖಾಲಿ ಇರಲಿ.
4. ಪುಸ್ತಕದ ಸ್ಥಿತಿ. ನೀರು ಬಿದ್ದು ಫೋಟೊ ಮಾಸಿದ್ದರೆ, ಹೊಲಿಗೆ ಬಿಚ್ಚಿದ್ದರೆ ತಾರೀಖು ಎಷ್ಟೇ ಉಳಿದಿದ್ದರೂ ಬದಲಿಸಿಕೊಳ್ಳಿ.

ಮೇಲಿನ ಎರಡು ಅರ್ಧ ಸತ್ಯಗಳ ಬದಲು ಫಾರ್ವರ್ಡ್ ಮಾಡಲೇಬೇಕೆಂದರೆ ಇದನ್ನು ಮಾಡಿ:

“ಪಾಸ್‌ಪೋರ್ಟ್ ಮುಗಿಯಲು ಒಂದು ವರ್ಷ ಇದೆಯೇ? ಈಗಲೇ ಹೊಸದಕ್ಕೆ ಅರ್ಜಿ ಹಾಕಬಹುದು. ಆರು ತಿಂಗಳಿಗಿಂತ ಕಡಿಮೆ ಇದೆಯೇ? ಹೋಗುವ ದೇಶದ ನಿಯಮ ನೋಡದೆ ಟಿಕೆಟ್ ತೆಗೆಸಬೇಡಿ. ಮೊದಲು ಪಾಸ್‌ಪೋರ್ಟ್, ಆಮೇಲೆ ವೀಸಾ, ಕೊನೆಗೆ ಟಿಕೆಟ್.”

ಇದನ್ನು ಕಳಿಸುವ ಮೊದಲು ಒಮ್ಮೆ ನಿಮ್ಮ ಮನೆಯ ಟ್ರಂಕನ್ನೂ ತೆರೆದು ನೋಡಿ.